ನ್ಯಾರೋಗೇಜ್ ಉಗಿ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ: ವೇಲ್ಸ್ ಶೆಡ್ಡಿನಿಂದ

ಹಳಿಗುಂಟ

ಹಳೇ ರೈಲು ಫೋಟೊಗಳ ಚರ್ಚೆಯಲ್ಲಿ ನಾನು ವೇಲ್ಸ್‌ನ ಒಂದು ಶೆಡ್ಡಿಗೆ ಉಗಿ ಇಂಜಿನ್ ಓವರ್‌ಹಾಲ್ ಕೆಲಸಕ್ಕೆ ಹೋಗುತ್ತೇನೆ ಅಂದಾಗ ಹೆಚ್ಚಿನವರು ಕೇಳಿದ್ದು ಎರಡೇ ಪ್ರಶ್ನೆ. ಸಂಬಳ ಕೊಡ್ತಾರಾ? ಬಾಯ್ಲರ್ ಅನ್ನೋ ವಸ್ತುವನ್ನ ಹವ್ಯಾಸಿಗಳ ಕೈಗೆ ಹೇಗೆ ಕೊಡ್ತಾರೆ? ಸಂಬಳ ಇಲ್ಲ. ಎರಡನೇ ಪ್ರಶ್ನೆಗೆ ಉತ್ತರ ಉದ್ದ ಇದೆ, ಅದಕ್ಕೇ ಈ ಹೊಸ ಎಳೆ.

ನಾನಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಹೊಟ್ಟೆಪಾಡಿಗೆ ಸಾಫ್ಟ್‌ವೇರ್. ಬಿಡುವಾದ ವಾರಾಂತ್ಯಗಳಲ್ಲಿ ಶೆಡ್ಡು. ಒಳಗಿನ ಕೆಲಸದ ವಿವರ ಬರೆಯುತ್ತಿರುವುದರಿಂದ ಶೆಡ್ಡಿನ ಹೆಸರು ಹಾಕುತ್ತಿಲ್ಲ. ಇಂಜಿನ್ ಚಿಕ್ಕದು: ನಾಲ್ಕು ಡ್ರೈವಿಂಗ್ ಚಕ್ರ, ಡ್ರೈವರ್ ನಿಲ್ಲುವ ಕ್ಯಾಬಿನ ಕೆಳಗೆ ಎರಡು ಸಣ್ಣ ಚಕ್ರ, ಬಾಯ್ಲರಿನ ಮೇಲೇ ಕೂತ ನೀರಿನ ಟ್ಯಾಂಕು.

ಜನರೇ ಸೇರಿ ರೈಲು ಉಳಿಸಿಕೊಳ್ಳುವ ಪದ್ಧತಿ ಇಡೀ ಜಗತ್ತಿಗೆ ಹೋದದ್ದು ವೇಲ್ಸ್‌ನ ಟ್ಯಾಲಿಲಿನ್ ರೈಲ್ವೆಯಿಂದ. ಸ್ಲೇಟ್ ಕಲ್ಲಿನ ಗಣಿಗೆಂದು 1865ರಲ್ಲಿ ಹಾಕಿದ ಲೈನು, ಗೇಜ್ (ಎರಡು ಹಳಿಗಳ ನಡುವಿನ ಅಂತರ) 2 ಅಡಿ 3 ಇಂಚು. 1946ರಲ್ಲಿ ಗಣಿ ಕುಸಿದು ಮುಚ್ಚಿತು. ಮಾಲೀಕ ಹೇಡನ್ ಜೋನ್ಸ್ ತಾನು ಬದುಕಿರುವವರೆಗೆ ರೈಲು ಓಡಿಸುತ್ತೇನೆ ಅಂದವನು ಹಾಗೇ ಓಡಿಸಿದ, 1950ರಲ್ಲಿ ತೀರಿಕೊಂಡ. ಅದೇ ವರ್ಷದ ಅಕ್ಟೋಬರಿನಲ್ಲಿ ಲೇಖಕ ಟಾಮ್ ರೋಲ್ಟ್ ಮತ್ತು ಗೆಳೆಯರು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಭೆ ಕರೆದರು, 1951ರ ಮೇ ತಿಂಗಳಲ್ಲಿ ಸ್ವಯಂಸೇವಕರ ರೈಲು ಹೊರಟಿತು. ಆಗ ಅವರ ಕೈಯಲ್ಲಿ ಓಡುವ ಸ್ಥಿತಿಯಲ್ಲಿ ಇದ್ದದ್ದು ಒಂದೇ ಇಂಜಿನ್, 1866ರ ಡೊಲ್ಗೋಖ್. ಅದೂ ಸುಸ್ತಾಗಿದ್ದ ಇಂಜಿನ್. ಮುಚ್ಚಿಹೋಗಿದ್ದ ಪಕ್ಕದ ಕಾರಿಸ್ ರೈಲ್ವೆಯಿಂದ ಎರಡು ಇಂಜಿನ್ ಕೊಂಡು ತಂದರು. ಅವುಗಳಲ್ಲಿ 3ನೇ ನಂಬರಿನದರ ಚಕ್ರದ ಅಗಲ ಕಡಿಮೆ, ಇವರ ಹಳಿಯೋ ಸ್ಲೀಪರ್ ಕೊಳೆತು ಅಗಲವಾಗಿತ್ತು. ಇಂಜಿನ್ ಹಳಿಗಳ ನಡುವೆ ಇಳಿದುಬಿಡುತ್ತಿತ್ತು. 4ನೇ ನಂಬರಿನದನ್ನು ಲೀಡ್ಸ್‌ನ ಹನ್ಸ್ಲೆಟ್ ಕಂಪನಿ ಬಿಟ್ಟಿಯಾಗಿ ಓವರ್‌ಹಾಲ್ ಮಾಡಿಕೊಟ್ಟಿತು, ಯಾಕೆಂದರೆ ಆ ಕಂಪನಿಯ ಮುಖ್ಯಸ್ಥರೇ ಈ ಸ್ವಯಂಸೇವಕರ ಸಂಘದ ಸದಸ್ಯರು.

ನಮ್ಮ ಇಂಜಿನಿನ ಬಾಯ್ಲರಿಗೆ ಹತ್ತು ವರ್ಷದ ಅವಧಿ ಮುಗಿದಿದೆ. ಇಲ್ಲಿನ ಹೆರಿಟೇಜ್ ರೈಲ್ವೆಗಳಲ್ಲಿ ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಬಾಯ್ಲರನ್ನು ಫ್ರೇಮಿನಿಂದ ಎತ್ತಿ, ಟ್ಯೂಬ್ ಎಲ್ಲ ತೆಗೆದು, ಒಳಗೂ ಹೊರಗೂ ಪರೀಕ್ಷೆ ಮಾಡಿಸಬೇಕು. ನಡುವೆ ಪ್ರತಿ ವರ್ಷದ ತಪಾಸಣೆ ಬೇರೆ. ಈಗ ಟ್ಯಾಂಕು, ಕ್ಯಾಬು, ತಗಡಿನ ಹೊದಿಕೆ ಎಲ್ಲ ಇಳಿದು ಬಾಯ್ಲರ್ ಮರದ ದಿಮ್ಮಿಗಳ ಮೇಲೆ ಕೂತಿದೆ. ಕೇಳಿ, ಗೊತ್ತಿರುವಷ್ಟು ಹೇಳುತ್ತೇನೆ.

ಡಿಪ್ಲೊಮಾ_ಮೆಕ್

ಅಣ್ಣಾ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಕೊನೇ ವರ್ಷ, ದಾವಣಗೆರೆ. ಏನೂ ಗೊತ್ತಿಲ್ಲದವರು ಹೋದರೆ ಮೊದಲ ದಿನ ಏನು ಕೆಲಸ ಕೊಡ್ತಾರೆ? ನಮ್ಮ ಲ್ಯಾಬಲ್ಲಿ ಲೇತ್ ಮುಟ್ಟೋಕೆ ಸರದಿ ಬರೋದೇ ಅಪರೂಪ.

ಹಳಿಗುಂಟ

ಮೊದಲು ಒರೆಸುವ ಕೆಲಸ. ಕೈಗೆ ಕಾಟನ್ ವೇಸ್ಟ್, ಸೀಮೆಎಣ್ಣೆ, ವೈರ್ ಬ್ರಶ್. ಇದು ಸುಮ್ಮನೆ ಕೊಡುವ ಕೆಲಸವಲ್ಲ ತಮ್ಮಾ. ಗ್ರೀಸು ಮಸಿ ಹೋದ ಮೇಲೇ ಬಿರುಕು ಕಾಣುವುದು. ಚಕ್ರ ತಿರುಗಿಸುವ ಮೋಷನ್ ರಾಡ್ ಒರೆಸುತ್ತಾ ಒರೆಸುತ್ತಾ ಯಾವುದು ಎಲ್ಲಿ ಕೂರುತ್ತದೆ, ಯಾವ ಪಿನ್ನು ಯಾವ ಕಡೆಯಿಂದ ಹೊಗುತ್ತದೆ ಅನ್ನುವುದು ಕೈಗೆ ಹತ್ತುತ್ತದೆ.

ಆಮೇಲೆ ಚೀಟಿ ಕಟ್ಟುವ ಕೆಲಸ. ಬಿಚ್ಚಿದ ಪ್ರತಿ ನಟ್ಟಿಗೂ, ಪ್ಯಾಕಿಂಗ್ ತಗಡಿಗೂ ಹಿತ್ತಾಳೆ ಬಿಲ್ಲೆ. ಎಡ ಬಲ, ಹಿಂದೆ ಮುಂದೆ ಎಲ್ಲ ಗುದ್ದಿ ಬರೆಯಬೇಕು. ಹಳೇ ಇಂಜಿನಿನಲ್ಲಿ ಎರಡು ಬೋಲ್ಟು ಒಂದೇ ಥರ ಕಂಡರೂ ಒಂದೇ ಅಳತೆ ಇರುವುದಿಲ್ಲ. ಆ ಕಾಲದ ಫಿಟ್ಟರು ರಂಧ್ರಕ್ಕೆ ತಕ್ಕಂತೆ ಬೋಲ್ಟು ತಿರುಗಿಸಿ ಕೂರಿಸಿರುತ್ತಾನೆ.

ಓಡಿಸುವ ಕಡೆಗೆ ಹೋಗಬೇಕೆಂದರೆ ದಾರಿ ಬೇರೆ: ಕ್ಲೀನರ್, ಆಮೇಲೆ ಫೈರ್‌ಮನ್, ಆಮೇಲೆ ಡ್ರೈವರ್. ಪ್ರತಿ ಮೆಟ್ಟಿಲಿಗೂ ಪರೀಕ್ಷೆ, ನಡುವೆ ವರ್ಷಗಳು. ನಿವೃತ್ತ ವೈದ್ಯರಾಗಲಿ ಶಾಲೆ ಮುಗಿಸಿದ ಹುಡುಗಿಯಾಗಲಿ, ಎಲ್ಲರೂ ಕೆಳಗಿನ ಮೆಟ್ಟಿಲಿನಿಂದಲೇ.

ಹುಬ್ಬಳ್ಳಿ_ಫಿಟ್ಟರ್

ನಮಸ್ಕಾರ್ರಿ. ನಾನು ರೈಲ್ವೆದಾಗ ಫಿಟ್ಟರ್ ಆಗಿ ರಿಟೈರ್ ಆದಾಂವ. ಮೀಟರ್‌ಗೇಜ್ ಉಗಿ ಇಂಜಿನ್ ಪಿಒಹೆಚ್ (ಅವಧಿಗೊಮ್ಮೆ ಮಾಡೂ ಓವರ್‌ಹಾಲ್) ಕೆಲಸಾ ಕೈಯಾರೆ ಮಾಡೇನಿ. ಹುಬ್ಬಳ್ಳಿ ವರ್ಕ್‌ಶಾಪ್ 1885ರದ್ದು, ಸದರ್ನ್ ಮರಾಠಾ ರೈಲ್ವೆ ಕಾಲದ್ದು. ಅಲ್ಲಿ ನಮ್ಮ ಅಪ್ಪನ ಓರಗೆಯವರು ಉಗಿ ಇಂಜಿನ್ ಮ್ಯಾಲ ಜನ್ಮಾ ಸವಿಸ್ಯಾರ.

ನನ್ನ ಪ್ರಶ್ನೆ ಒಂದೈತಿ. ಬೆಂಕಿ ಉರಿಯೂ ಫೈರ್‌ಬಾಕ್ಸಿನ ಸ್ಟೇ, ಅಂದ್ರ ಒಳ ಹೊರ ತಗಡು ಹಿಡದಿಡೂ ಸರಳು, ಹೆಂಗ ನೋಡ್ತೀರಿ? ಸುತ್ತಿಗಿಲೆ ಬಡದು ದನಿ ಕೇಳ್ತೀರೋ, ಇಲ್ಲಾ ಈಗ ಮಷೀನ್ ಬಂದಾವೋ? ನಾವು ಬಡದು ಕೇಳತಿದ್ವಿ. ಗಟ್ಟಿ ಸ್ಟೇ ಗಂಟಿ ಹೊಡದಂಗ ಅಂತೈತಿ. ಮುರದದ್ದು ಮಂದ ದನಿ ಕೊಡತೈತಿ, ಸುತ್ತಿಗಿ ಪುಟಿಯೂದುಲ್ಲ. ಕೈಗೇ ತಿಳೀತೈತಿ.

ಹಳಿಗುಂಟ

ಸರ್, ನಿಮ್ಮಂಥವರು ಬಂದದ್ದು ಬಹಳ ಸಂತೋಷ. ಎರಡೂ ಮಾಡುತ್ತೇವೆ. ಮೊದಲು ಸುತ್ತಿಗೆ. ನಮ್ಮ ಹಿರಿಯ ಬಾಯ್ಲರ್‌ಸ್ಮಿತ್ ಒಳಗೆ ತಲೆ ತೂರಿಸಿ ಸಾಲು ಸಾಲಾಗಿ ಬಡಿಯುತ್ತಾ ಹೋಗುತ್ತಾರೆ, ಹೊರಗೆ ಕೂತ ನಾನು ನಕ್ಷೆಯಲ್ಲಿ ಗುರುತು ಹಾಕುತ್ತೇನೆ. ಅನುಮಾನ ಬಂದ ಕಡೆ ಸೀಮೆಸುಣ್ಣದ ವೃತ್ತ. ಆಮೇಲೆ ಅಲ್ಟ್ರಾಸಾನಿಕ್ ಗೇಜ್ ಇಟ್ಟು ತಗಡಿನ ದಪ್ಪ ಅಳೆಯುತ್ತೇವೆ. ಬಾಯ್ಲರಿನ ಮೈತುಂಬ ಚೌಕ ಎಳೆದು ಪ್ರತಿ ಚೌಕಕ್ಕೂ ಒಂದು ಅಂಕಿ. ಹತ್ತು ವರ್ಷದ ಹಿಂದಿನ ಪುಸ್ತಕದಲ್ಲಿ ಅದೇ ಚೌಕಕ್ಕೆ ಬರೆದ ಅಂಕಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲಿ ಸವೆಯುತ್ತಿದೆ ಅನ್ನುವುದು ತಾನೇ ಹೇಳುತ್ತದೆ. ನಮ್ಮಲ್ಲಿ ಸವೆತ ಹೆಚ್ಚು ಕಂಡದ್ದು ಫೌಂಡೇಶನ್ ರಿಂಗಿನ (ಫೈರ್‌ಬಾಕ್ಸಿನ ತಳದ ಚೌಕಟ್ಟು) ಸ್ವಲ್ಪ ಮೇಲೆ, ಕೆಸರು ಕೂರುವ ಜಾಗದಲ್ಲಿ.

ಒಳಗಿನ ಫೈರ್‌ಬಾಕ್ಸ್ ತಾಮ್ರದ್ದು. ಟ್ಯೂಬ್ ಎಲ್ಲ ಕತ್ತರಿಸಿ ತೆಗೆದಿದ್ದೇವೆ, ಅವು ಹೇಗೂ ಹೊಸದಾಗಿ ಬರುತ್ತವೆ.

ಮಂಡ್ಯ_ಬಾಯ್ಲರ್

ಕೆಸರು ಅಂದ್ರಲ್ಲಣ್ಣ, ಅಲ್ಲೇ ಇರೋದು ವಿಷ್ಯ. ನಾನು ಸಕ್ಕರೆ ಕಾರ್ಖಾನೆ ಬಾಯ್ಲರ್ ಅಟೆಂಡೆಂಟು, ಫಸ್ಟ್ ಕ್ಲಾಸ್ ಸರ್ಟಿಫಿಕೇಟು. ನಮ್ಮದು ವಾಟರ್ ಟ್ಯೂಬ್ ಬಾಯ್ಲರು, ಅಂದ್ರೆ ನೀರು ಕೊಳವೆ ಒಳಗೆ, ಬೆಂಕಿ ಹೊರಗೆ. ರೈಲು ಇಂಜಿನ್ದು ತಿರುವುಮುರುವು, ಬೆಂಕಿ ಕೊಳವೆ ಒಳಗೆ, ನೀರು ಸುತ್ತ. ಏನೇ ಆಗ್ಲಿ, ಬಾಯ್ಲರ್ ಹಾಳಾಗೋದು ಬೆಂಕಿಯಿಂದ ಕಮ್ಮಿ, ನೀರಿಂದ ಜಾಸ್ತಿ. ಗಡಸು ನೀರು ಬಿಟ್ರೆ ಸುಣ್ಣ ಕಟ್ಟತದೆ. ಸುಣ್ಣ ಕಟ್ಟಿದ ಕಡೆ ಶಾಖ ನೀರಿಗೆ ದಾಟಕ್ಕಿಲ್ಲ, ತಗಡು ಮಿತಿಮೀರಿ ಕಾಯ್ತದೆ. ನೀವು ನೀರಿಗೆ ಏನು ಹಾಕ್ತೀರಿ? ಬ್ಲೋಡೌನ್ (ಕೆಸರು ನೀರು ಹೊರಬಿಡೋದು) ಎಷ್ಟು ಸಲ? ವಾಶೌಟ್ ಮಾಡ್ತೀರಾ?

ಇನ್ನೊಂದು. ನಮ್ಮಲ್ಲಿ 1923ರ ಇಂಡಿಯನ್ ಬಾಯ್ಲರ್ಸ್ ಆಕ್ಟ್ ಕಾಲದಿಂದ್ಲೂ ಇನ್‌ಸ್ಪೆಕ್ಟರ್ ಬಂದು ಪಾಸ್ ಮಾಡ್ದೆ ಬೆಂಕಿ ಹಾಕಂಗಿಲ್ಲ. ಅಲ್ಲಿ ಹವ್ಯಾಸಿಗಳೇ ಪಾಸ್ ಮಾಡ್ಕೊತಾರಾ?

ಹಳಿಗುಂಟ

ಖಂಡಿತ ಇಲ್ಲ ಅಣ್ಣಾ. 2000ನೇ ಇಸವಿಯ ಪ್ರೆಶರ್ ಸಿಸ್ಟಮ್ಸ್ ನಿಯಮ ಅಂತ ಇದೆ. ಯಾವ ಭಾಗವನ್ನು, ಎಷ್ಟು ಸಮಯಕ್ಕೊಮ್ಮೆ, ಹೇಗೆ ಪರೀಕ್ಷಿಸಬೇಕು ಅಂತ ಲಿಖಿತ ಯೋಜನೆ ಇರಲೇಬೇಕು. ಹೊರಗಿನ ಬಾಯ್ಲರ್ ಇನ್‌ಸ್ಪೆಕ್ಟರ್ ಬಂದು ಖಾಲಿ ಬಾಯ್ಲರ್ ನೋಡುತ್ತಾರೆ, ನೀರು ತುಂಬಿ ಒತ್ತಡ ಹಾಕಿದಾಗ ನೋಡುತ್ತಾರೆ, ಕೊನೆಗೆ ಹಬೆಯಲ್ಲಿ ನೋಡುತ್ತಾರೆ. ಅವರು ಸಹಿ ಹಾಕುವವರೆಗೆ ಯಾರೂ ಬೆಂಕಿಕಡ್ಡಿ ಗೀರುವಂತಿಲ್ಲ. ಒತ್ತಡ ಹೊರುವ ಭಾಗಗಳ ವೆಲ್ಡಿಂಗ್ ಕೂಡ ಸರ್ಟಿಫಿಕೇಟ್ ಇರುವ ವೆಲ್ಡರೇ ಮಾಡಬೇಕು. ಸ್ವಯಂಸೇವಕ ಅಂದರೆ ಸಂಬಳ ಇಲ್ಲ ಅಂತ ಮಾತ್ರ ಅರ್ಥ, ನಿಯಮದಲ್ಲಿ ರಿಯಾಯಿತಿ ಏನೂ ಇಲ್ಲ.

ನೀರಿನ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಔಷಧಿ ಹಾಕುತ್ತೇವೆ, ಮಾದರಿ ತೆಗೆದು ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯುತ್ತೇವೆ. ಓಡುವ ಕಾಲದಲ್ಲಿ ನಿಗದಿಯಾಗಿ ವಾಶೌಟ್ ಪ್ಲಗ್ ಬಿಚ್ಚಿ ಒತ್ತಡದ ನೀರು ಹೊಡೆದು ಕೆಸರು ತೆಗೆಯುತ್ತೇವೆ.

ಟರ್ನಿಂಗ್_ಶಾಪ್

ನಾನು ಪೀಣ್ಯದಲ್ಲಿ ಸಣ್ಣ ಮಷೀನ್ ಶಾಪ್ ನಡೆಸ್ತೀನಿ. ನನ್ನ ಕುತೂಹಲ ನಟ್ಟು ಬೋಲ್ಟಿನ ಥ್ರೆಡ್ ಬಗ್ಗೆ. ಅಷ್ಟು ಹಳೇ ಬ್ರಿಟಿಷ್ ಇಂಜಿನ್ ಅಂದರೆ ಎಲ್ಲ ಆ ಕಾಲದ ವಿಟ್‌ವರ್ತ್ ಥ್ರೆಡ್ಡೇ ಇರಬೇಕಲ್ಲ? 55 ಡಿಗ್ರಿ ಕೋನ. ಈಗಿನ ಮೆಟ್ರಿಕ್ 60 ಡಿಗ್ರಿ. ಒಂದಕ್ಕೊಂದು ಕೂರಲ್ಲ, ಆದರೂ ಕೆಲವರು ಬಲವಂತವಾಗಿ ಕೂರಿಸಿ ಥ್ರೆಡ್ ತಿಂದು ಹಾಕ್ತಾರೆ. ನಮ್ಮಲ್ಲಿಗೆ ಬರೋ ಹಳೇ ಪ್ರೆಸ್ ಮಷೀನ್‌ಗಳಲ್ಲಿ ಇದೇ ಗೋಳು. ಎಸ್‌ಜೆಪಿ ರೋಡಿನ ಹಳೇ ಟೂಲ್ ಅಂಗಡಿಗಳಲ್ಲಿ ಹುಡುಕಿದರೆ ವಿಟ್‌ವರ್ತ್ ಟ್ಯಾಪ್ ಈಗಲೂ ಸಿಗುತ್ತೆ.

ಡ್ರಾಯಿಂಗ್ ಇವೆಯಾ, ಅಥವಾ ಹಳೇ ಪಾರ್ಟ್ ನೋಡಿಯೇ ಹೊಸದು ಮಾಡ್ತೀರಾ?

ಹಳಿಗುಂಟ

ಅಕ್ಕಾ, ಹೌದು, ವಿಟ್‌ವರ್ತ್‌ ಥ್ರೆಡ್ಡೇ. ಪಾನಾಗಳ ಸೆಟ್ಟೇ ಬೇರೆ ಇಟ್ಟಿದ್ದಾರೆ, ಮೆಟ್ರಿಕ್ ಪಾನಾ ಆ ಬೆಂಚಿನ ಹತ್ತಿರ ತರುವ ಹಾಗೇ ಇಲ್ಲ.

ಡ್ರಾಯಿಂಗ್ ಕೆಲವು ಇವೆ, ಆದರೆ ಕಾರ್ಖಾನೆಯ ಡ್ರಾಯಿಂಗಿಗೂ ನಮ್ಮ ಇಂಜಿನಿಗೂ ಈಗ ದೂರದ ನೆಂಟಸ್ತನ ಅಷ್ಟೇ. ಪ್ರತಿ ಓವರ್‌ಹಾಲ್‌ನಲ್ಲೂ ಸಿಲಿಂಡರ್ ಸ್ವಲ್ಪ ಬೋರ್ ಆಗಿದೆ, ಫ್ರೇಮಿನಲ್ಲಿ ಆಕ್ಸಲ್ ಬಾಕ್ಸನ್ನು ಹಿಡಿಯುವ ಹಾರ್ನ್ ಸ್ವಲ್ಪ ಸಾಣೆ ಹಿಡಿದಿದೆ. ಹಾಗಾಗಿ ಮೊದಲ ಕೆಲಸ ಅಳತೆ. ಫ್ರೇಮಿನ ಉದ್ದಕ್ಕೂ ಸಿಲಿಂಡರಿನ ನಟ್ಟನಡುವಿನಿಂದ ತಂತಿ ಎಳೆದು ಕಟ್ಟಿ, ಆಕ್ಸಲ್ ಆ ತಂತಿಗೆ ಸರಿಯಾಗಿ ಅಡ್ಡ ಕೂರುತ್ತಾ ನೋಡುತ್ತೇವೆ. ಅದು ಸೊಟ್ಟಗಿದ್ದರೆ ಮುಂದೆ ಎಷ್ಟು ಚೆನ್ನಾಗಿ ಬೇರಿಂಗ್ ಮಾಡಿದರೂ ಬಿಸಿಯಾಗುತ್ತದೆ.

ಡಿಪ್ಲೊಮಾ_ಮೆಕ್

ಬೇರಿಂಗ್ ಅಂದರೆ ಬಾಲ್ ಬೇರಿಂಗಾ?

ಹಳಿಗುಂಟ

ಅಲ್ಲ. ಆಕ್ಸಲ್ ಬಾಕ್ಸಿನಲ್ಲಿ ಕಂಚಿನ ಬೇರಿಂಗು, ಅದರ ಒಳಮೈಗೆ ವೈಟ್ ಮೆಟಲ್. ತವರ ಹೆಚ್ಚು, ಜೊತೆಗೆ ಆಂಟಿಮನಿ, ತಾಮ್ರ. ಮೆತ್ತನೆಯ ಲೋಹ. ಎಣ್ಣೆ ತಪ್ಪಿದರೆ ಅದೇ ಕರಗಿ ಹೋಗಿ ಆಕ್ಸಲನ್ನು ಉಳಿಸುತ್ತದೆ.

ಈ ಚಳಿಗಾಲದಲ್ಲಿ ನನಗೆ ಕಲಿಸಿದ ಕೆಲಸ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹಳೇ ಲೋಹ ಕರಗಿಸಿ ತೆಗೆದ ಮೇಲೆ ಕಂಚಿನ ಒಳಮೈ ಉಜ್ಜಿ, ಫ್ಲಕ್ಸ್ ಹಚ್ಚಿ, ಕಲಾಯಿ ಮಾಡಬೇಕು. ಕಲಾಯಿ ಹಿಡಿಯದ ಕಡೆ ವೈಟ್ ಮೆಟಲ್ ಕೂಡ ಹಿಡಿಯದು, ಓಡುವಾಗ ಹಕ್ಕಳೆಯಾಗಿ ಏಳುತ್ತದೆ. ಇಡೀ ಬೇರಿಂಗನ್ನೇ ಮೊದಲು ಕಾಯಿಸಿಕೊಂಡು, ನಡುವೆ ಕಬ್ಬಿಣದ ಉರುಳೆ ನಿಲ್ಲಿಸಿ, ಸಂದಿಗಳಿಗೆ ಜೇಡಿ ಮೆತ್ತಿ, ಒಂದೇ ಧಾರೆಯಲ್ಲಿ ಹೊಯ್ಯಬೇಕು. ನಡುವೆ ನಿಲ್ಲಿಸಿದರೆ ಪದರ ಬಿಡುತ್ತದೆ. ಒಂದು ಹನಿ ನೀರಿದ್ದರೂ ಲೋಹ ಸಿಡಿಯುತ್ತದೆ. ಅದಕ್ಕೆ ಅಚ್ಚು, ಸೌಟು ಎಲ್ಲ ಬಿಸಿ ಮಾಡಿ ಒಣಗಿಸಿಕೊಂಡೇ ಕೆಲಸ, ಮುಖಕ್ಕೆ ಗುರಾಣಿ, ಮೊಣಕಾಲಿನವರೆಗೆ ಚರ್ಮದ ಏಪ್ರನ್.

ತಣಿದ ಮೇಲೆ ಬೋರ್ ಮಾಡಿ, ಆಕ್ಸಲ್ ಜರ್ನಲ್‌ಗೆ (ಬೇರಿಂಗಿನಲ್ಲಿ ತಿರುಗುವ ಭಾಗ) ಪ್ರಷ್ಯನ್ ಬ್ಲೂ ತೆಳ್ಳಗೆ ಹಚ್ಚಿ, ಬೇರಿಂಗ್ ಕೂರಿಸಿ ಸ್ವಲ್ಪ ಆಡಿಸಿ ತೆಗೆಯುತ್ತೇವೆ. ಎಲ್ಲಿ ನೀಲಿ ಅಂಟಿತೋ ಅಲ್ಲಿ ಉಬ್ಬು. ತ್ರಿಕೋನ ಸ್ಕ್ರೇಪರಿನಿಂದ ಅಷ್ಟನ್ನೇ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೂರಿಸು, ಮತ್ತೆ ಕೆರೆ. ಶುರುವಿನಲ್ಲಿ ಎರಡು ಮೂರು ದೊಡ್ಡ ಚುಕ್ಕೆ ಇರುತ್ತದೆ. ಸಂಜೆಯ ಹೊತ್ತಿಗೆ ಸಣ್ಣ ಚುಕ್ಕೆಗಳು ಮೈತುಂಬ ಹರಡಿಕೊಳ್ಳುತ್ತವೆ. ಆಗ ಹಿರಿಯರು ಬಂದು ಬೆರಳಾಡಿಸಿ ನೋಡಿ ಸಾಕು ಅನ್ನುತ್ತಾರೆ, ಅಥವಾ ಏನೂ ಹೇಳದೆ ನೀಲಿಯ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಾರೆ.

ಹುಬ್ಬಳ್ಳಿ_ಫಿಟ್ಟರ್

ಸರಿಯಾಗಿ ಬರದೀರಿ. ಎರಡು ಮಾತು ಸೇರಸ್ತೀನಿ. ನೀಲಿ ದಪ್ಪ ಹಚ್ಚಬಾರದು, ದಪ್ಪ ಹಚ್ಚಿದ್ರ ತಗ್ಗಿನ್ಯಾಗೂ ಅಂಟಿ ಸುಳ್ಳು ಹೇಳತೈತಿ. ಇನ್ನ ಸ್ಕ್ರೇಪರ್ ಒಂದ ದಿಕ್ಕಿಗೆ ಎಳೀಬ್ಯಾಡ್ರಿ. ಒಮ್ಮೆ ಹಿಂಗ, ಮುಂದಿನ ಸಲ ಅಡ್ಡ. ಒಂದ ದಿಕ್ಕಿಗೆ ಎಳದ್ರ ತೆರಿ ಏಳತಾವು, ಆಮ್ಯಾಲ ಎಷ್ಟ ಕೆರದರೂ ಹೋಗೂದುಲ್ಲ. ಅಂಚಿಗೆ ಎಣ್ಣಿ ಒಳಗ ಹೋಗಾಕ ಸ್ವಲ್ಪ ಇಳಿಜಾರ ಕೊಡಬೇಕು, ಅಂಚು ಚೂಪ ಇದ್ರ ಜರ್ನಲ್ ಮ್ಯಾಗಿನ ಎಣ್ಣಿ ಕೆರದ ಹೊರಗ ಹಾಕತೈತಿ.

ಟೈರ್ ಕೆಲಸ ಬಂದೈತೇನು?

ಹಳಿಗುಂಟ

ಅಡ್ಡ ಕೆರೆಯುವ ಮಾತು ಇಲ್ಲಿಯೂ ಹೇಳಿದ್ದರು ಸರ್. ಅಂಚಿನ ಇಳಿಜಾರು ಯಾಕೆ ಅನ್ನುವುದು ಈಗ ತಿಳಿಯಿತು.

ಟೈರ್ ಈ ಸಲ ಹೊಸದು. ಚಕ್ರದ ಹೊರಮೈಗೆ ಹೊಂದಿಸುವ ಉಕ್ಕಿನ ಬಳೆ ಅದು. ಒಳ ಅಳತೆಯನ್ನು ಚಕ್ರಕ್ಕಿಂತ ಒಂಚೂರು ಚಿಕ್ಕದಾಗಿ ತಿರುಗಿಸುತ್ತಾರೆ, ವ್ಯಾಸದ ಪ್ರತಿ ಮೀಟರಿಗೆ ಸುಮಾರು ಒಂದು ಮಿಲಿಮೀಟರ್ ಲೆಕ್ಕ. ಸುತ್ತ ಗ್ಯಾಸ್ ಬರ್ನರ್ ಇಟ್ಟು ಕಾಯಿಸಿದಾಗ ಬಳೆ ಹಿಗ್ಗುತ್ತದೆ, ಚಕ್ರವನ್ನು ಕ್ರೇನಿನಿಂದ ಅದರೊಳಗೆ ಇಳಿಸುತ್ತೇವೆ, ತಣಿಯುತ್ತಾ ಕಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಎತ್ತಿನ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವ ಕಮ್ಮಾರರ ಕೆಲಸವೂ ಇದೇ.

ನಂದಿಹಾಲ್ಟ್

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಈಗ ನಮ್ಮ ಕಡೆಯ ಮಾತು. ನಮ್ಮೂರು ಚಿಕ್ಕಬಳ್ಳಾಪುರ. ನಮ್ಮಲ್ಲೂ ನ್ಯಾರೋಗೇಜ್ ಇತ್ತು. ಬೌರಿಂಗ್‌ಪೇಟೆ, ಅಂದರೆ ಈಗಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಗೇಜಿನ ರೈಲು ಬಂತು. ಆಮೇಲೆ ಚಿಕ್ಕಬಳ್ಳಾಪುರ, ದೇವನಹಳ್ಳಿ ದಾಟಿ ಯಲಹಂಕದವರೆಗೆ ಅದೇ ಗೇಜಿನ ಲೈನು. ತರೀಕೆರೆ–ನರಸಿಂಹರಾಜಪುರದ ಟ್ರಾಮ್‌ವೇ ಇನ್ನೂ ಕಿರಿದು, 2 ಅಡಿ. ಕೋಲಾರ–ಚಿಕ್ಕಬಳ್ಳಾಪುರ ನಡುವೆ ಬ್ರಾಡ್‌ಗೇಜ್ ರೈಲು ಓಡಲು 2013 ಬರಬೇಕಾಯಿತು. ದೊಡ್ಡಜಾಲ, ಆವತಿಹಳ್ಳಿ, ನಂದಿ ಹಾಲ್ಟ್‌ನ ಕಲ್ಲು ಕಟ್ಟಡಗಳು ಉಳಿದಿವೆ, ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಕೆಲವನ್ನು ಚೆನ್ನಾಗಿ ದುರಸ್ತಿ ಮಾಡಿದೆ. ಆ ಹಳಿಯ ಮೇಲೆ ಕೂಗುತ್ತಾ ಹೋದ ಇಂಜಿನ್ ಮಾತ್ರ ನಮ್ಮ ಮಕ್ಕಳಿಗೆ ಫೋಟೊದಲ್ಲೇ.

ಟ್ಯಾಲಿಲಿನ್ ಥರದ್ದು ನಮ್ಮಲ್ಲಿ ಯಾಕೆ ಆಗಲಿಲ್ಲ? ಡಾರ್ಜಿಲಿಂಗ್ ನೋಡಿ. 1889ರಲ್ಲಿ ಶಾರ್ಪ್ ಸ್ಟೂವರ್ಟ್ ಕಂಪನಿ ಕಟ್ಟಿದ ಅಲ್ಲಿನ ಒಂದು ಇಂಜಿನ್, 778, 1962ರಲ್ಲಿ ಅಮೆರಿಕದ ಒಬ್ಬರಿಗೆ ಮಾರಾಟವಾಯಿತು. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡ್‌ಶೈರ್‌ನ ಒಂದು ಮನೆಯ ತೋಟದ ಹಳಿಯ ಮೇಲೆ ಓಡಿತು. ಅಷ್ಟು ದೂರದವರು ಉಳಿಸಿಕೊಂಡರು. ನಮ್ಮಲ್ಲಿ ಮೈಸೂರಿನ ರೈಲು ಮ್ಯೂಸಿಯಂ 1979ರಿಂದ ಇದೆ, ಸ್ಟೇಷನ್ನುಗಳ ಮುಂದೆ ಕಟ್ಟೆಯ ಮೇಲೆ ಇಂಜಿನ್ ನಿಲ್ಲಿಸಿದ್ದಾರೆ. ಒಂದಾದರೂ ಓಡುವ ಹಾಗೆ ಮಾಡಬಾರದೇ?

ಮಂಡ್ಯ_ಬಾಯ್ಲರ್

ಮೇಷ್ಟ್ರೇ, ಆಸೆ ಸರಿಯೇ. ಆದ್ರೆ ನಾನು ಬಾಯ್ಲರ್ ಮುಂದೆ ನಿಲ್ಲೋನಾಗಿ ಹೇಳ್ತೀನಿ, ದಶಕಗಟ್ಟಲೆ ಮಳೆಲಿ ನಿಂತ ಬಾಯ್ಲರಿಗೆ ಬೆಂಕಿ ಹಾಕೋ ಮಾತು ಸುಲಭಕ್ಕೆ ಆಡಬಾರದು. ಹೊರಗೆ ಬಣ್ಣ ಮಿಂಚ್ತಾ ಇರತದೆ. ಚಿಮಣಿ ಬಾಯಿ ತೆರೆದೇ ಇದ್ರೆ ಮಳೆ ನೀರು ಸ್ಮೋಕ್‌ಬಾಕ್ಸ್‌ಗೆ ಇಳೀತದೆ, ಅಲ್ಲಿ ಹಳೇ ಮಸಿ ಇದ್ರೆ ಅದು ಹುಳಿ ಆಗಿ ತಳ ತಿಂದು ಹಾಕ್ತದೆ. ಮೊದ್ಲು ಆ ಚಿಮಣಿ ಮುಚ್ಚಿ, ತಳದಲ್ಲಿ ನೀರು ಹೋಗೋಕೆ ದಾರಿ ಮಾಡಿ, ಕೀಲುಗಳಿಗೆ ಎಣ್ಣೆ ಬಿಡಿ. ಇಷ್ಟಕ್ಕೆ ಇನ್‌ಸ್ಪೆಕ್ಟರೂ ಬೇಡ, ಕೋಟಿ ರೂಪಾಯೂ ಬೇಡ. ಮಾಲೀಕರ ಪರ್ಮಿಶನ್ನು, ಒಂದು ಏಣಿ, ನಾಕು ಜನ.

ನಂದಿಹಾಲ್ಟ್

ಒಪ್ಪುತ್ತೇನೆ. ಆದರೆ ಓಡದ ಇಂಜಿನ್ ನೋಡಲು ಎಷ್ಟು ದಿನ ಜನ ಬರುತ್ತಾರೆ? ಹಬೆ, ಶಬ್ದ, ವಾಸನೆ ಇದ್ದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ದುಡ್ಡು ಬರುತ್ತದೆ.

ಹಳಿಗುಂಟ

ಇಬ್ಬರ ಮಾತೂ ಒಂದೇ ಇಂಜಿನಿನ ಕಥೆಯಲ್ಲಿ ಸಿಗುತ್ತದೆ. ವೇಲ್ಸ್‌ನದೇ ಫೆಸ್ಟಿನಿಯಾಗ್ ರೈಲ್ವೆಯ ‘ವೆಲ್ಷ್ ಪೋನಿ’, 1867ರದ್ದು, ಲಂಡನ್ನಿನ ಜಾರ್ಜ್ ಇಂಗ್ಲೆಂಡ್ ಕಂಪನಿ ಕಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಕೆಲಸ ನಿಲ್ಲಿಸಿತು. ಆಮೇಲೆ ವರ್ಷಗಟ್ಟಲೆ ಪೋರ್ತ್‌ಮಾಡಾಗ್‌ನ ಸ್ಟೇಷನ್ ಹೊರಗೆ, ಸಮುದ್ರದ ಉಪ್ಪುಗಾಳಿಗೆ, ಪ್ರದರ್ಶನಕ್ಕೆ ನಿಂತಿತ್ತು. 2020ರಲ್ಲಿ ಮತ್ತೆ ಹಬೆ ಹಿಡಿಯಿತು. ಆದರೆ ಹಳೇ ಬಾಯ್ಲರಿನಲ್ಲಿ ಅಲ್ಲ, ಹೊಸ ಬಾಯ್ಲರ್ ಕಟ್ಟಿದರು. ಅದನ್ನು ಮಾಡಲು ಅವರ ಬಾಸ್ಟನ್ ಲಾಡ್ಜ್ ವರ್ಕ್‌ಶಾಪು ಪಕ್ಕದಲ್ಲೇ ಇತ್ತು, ಅಲ್ಲಿ ಕೆಲಸಗಾರರ ಕೈ ಒಂದು ತಲೆಮಾರೂ ಖಾಲಿ ಬಿದ್ದಿರಲಿಲ್ಲ. ಟ್ಯಾಲಿಲಿನ್‌ನವರು ಐರ್ಲೆಂಡಿನಲ್ಲಿ ಪೀಟ್ (ಉರುವಲಾಗುವ ಜೌಗು ಮಣ್ಣು) ತೆಗೆಯುವ ಕಡೆ ಓಡಿದ್ದ ಇಂಜಿನಿನ ಭಾಗಗಳನ್ನು ಬಳಸಿ ತಮ್ಮ ಪೆಂಡ್ರೆ ಶೆಡ್ಡಿನಲ್ಲೇ ‘ಟಾಮ್ ರೋಲ್ಟ್’ ಅನ್ನುವ ಇಂಜಿನ್ ಕಟ್ಟಿ 1991ರಲ್ಲಿ ಓಡಿಸಿದರು. ನಮ್ಮ ದೇಶದಲ್ಲೇ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ವರ್ಕ್‌ಶಾಪಿನವರು ನೀಲಗಿರಿ ರೈಲಿಗೆ ಹೊಸ ಉಗಿ ಇಂಜಿನ್‌ಗಳನ್ನೇ ಕಟ್ಟಿದ್ದಾರೆ.

ಇದನ್ನೆಲ್ಲ ನೋಡಿ ನನಗೆ ಅನ್ನಿಸುವುದು: ಕಬ್ಬಿಣ ಹಾಳಾದರೆ ಹೊಸದು ಎರಕ ಹೊಯ್ಯಬಹುದು. ಸ್ಟೇ ಬಡಿದು ದನಿ ಕೇಳಿದ ಕಿವಿ, ನೀಲಿ ನೋಡಿ ಕೆರೆದ ಕೈ ಹೋದರೆ ಎಲ್ಲಿಂದ ತರುವುದು? ಕರ್ನಾಟಕದಲ್ಲಿ ಇಂಜಿನ್‌ಗಳಿಗಿಂತ ಅವಸರ ಇರುವುದು ಆ ಕೈಗಳ ವಿಷಯದಲ್ಲಿ. ನಮ್ಮ ಶೆಡ್ಡಿನಲ್ಲಿ ನನಗೆ ಕಲಿಸುವವರು ರೈಲ್ವೆಯಲ್ಲಿ ಕೆಲಸ ಮಾಡಿದವರಲ್ಲ. ರೈಲ್ವೆಯಿಂದ ನಿವೃತ್ತರಾಗಿ ಇಲ್ಲಿಗೆ ಬರುತ್ತಿದ್ದವರ ಪಕ್ಕದಲ್ಲಿ ನಿಂತು ಕಲಿತವರು. ಆ ಕೊಂಡಿ ಒಮ್ಮೆಯೂ ಬಿಡಲಿಲ್ಲ, ಅಷ್ಟೇ.

ಹುಬ್ಬಳ್ಳಿ_ಫಿಟ್ಟರ್

ಇದು ಖರೇ ಮಾತು. ನಮ್ಮ ಗ್ಯಾಂಗಿನ್ಯಾಗ ಈಗ ಉಳದಾವರು ಕೈಬೆರಳ ಮ್ಯಾಲ ಎಣಸೂ ಅಷ್ಟ ಮಂದಿ. ಒಬ್ಬಾಂವ ಬಾಯ್ಲರ್ ಮೇಕರ್ ಅದಾನ. ರಿವೆಟ್ ಬಡದು ಬಡದು ಕಿವಿ ಮಂದ ಆಗ್ಯಾವ, ಆದ್ರ ಟ್ಯೂಬ್ ಎಕ್ಸ್‌ಪಾಂಡ್ ಮಾಡೂದು, ಅಂದ್ರ ತುದಿ ಹಿಗ್ಗಿಸಿ ಕೂಡ್ಸೂದು, ಕೇಳ್ರಿ, ಕಣ್ಣ ಮುಚ್ಚಿ ಹೇಳ್ತಾನ. ಎಷ್ಟ ತಿರುವಿದ್ರ ಟ್ಯೂಬ್ ಪ್ಲೇಟಿಗೆ ಕಚ್ಚತೈತಿ, ಎಷ್ಟ ತಿರುವಿದ್ರ ಪ್ಲೇಟ್ ರಂಧ್ರಾನ ಕೆಡತೈತಿ, ಅದು ಯಾವ ಪುಸ್ತಕದಾಗೂ ಇಲ್ರಿ.

ಇನ್ನೊಂದು ಎಚ್ಚರಿಕಿ ಮಾತು. ಹುಡುಗ್ರು ಯಾರರ ಹಳೇ ಇಂಜಿನ್ ಸ್ವಚ್ಛ ಮಾಡಾಕ ಹೋಗೂದಿದ್ರ, ತಗಡಿನ ಹೊದಿಕಿ ಬಿಚ್ಚಬ್ಯಾಡ್ರಿ. ಒಳಗ ಬಿಳೀ ಗಾರಿಯಂಗ ಇರತೈತಲ್ಲ, ಅದು ಆಸ್ಬೆಸ್ಟಾಸ್ ಇರಬಹುದು. ಆ ಕಾಲದಾಗ ಜಗತ್ತಿನ ಎಲ್ಲಾ ಶೆಡ್ಡಿನ್ಯಾಗೂ ಅದನ್ನ ಬರೇ ಕೈಲೆ ಕಲಸಿ ಮೆತ್ತತಿದ್ರು. ಅದರ ಧೂಳು ಎದಿಯೊಳಗ ಹೊಕ್ರ ಹೊರಗ ಬರೂದುಲ್ಲ.

ಹಳಿಗುಂಟ

ಎಲ್ಲರೂ ದಯವಿಟ್ಟು ಮೇಲಿನದನ್ನು ಇನ್ನೊಮ್ಮೆ ಓದಿ. ಇಲ್ಲಿ ಅದನ್ನು ತೆಗೆಯಲು ಪರವಾನಗಿ ಇರುವ ತಂಡವೇ ಬರಬೇಕು, ಮುಗಿಯುವವರೆಗೆ ನಮ್ಮನ್ನು ಶೆಡ್ಡಿನ ಬಾಗಿಲ ಹತ್ತಿರವೂ ಬಿಡುವುದಿಲ್ಲ.

ಡಿಪ್ಲೊಮಾ_ಮೆಕ್

ಕಲ್ಲಿದ್ದಲು ಎಲ್ಲಿಂದ ಬರುತ್ತೆ ಅಣ್ಣಾ? ವೇಲ್ಸ್ ಕಲ್ಲಿದ್ದಲು ಹೆಸರುವಾಸಿ ಅಂತ ಓದಿದ್ದೆ.

ಹಳಿಗುಂಟ

ಹೆಸರುವಾಸಿಯೇ. ಆದರೆ ಮರ್ಥರ್ ಟಿಡ್ಫಿಲ್ ಹತ್ತಿರದ ಫೋಸ್-ಇ-ಫ್ರಾನ್ ತೆರೆದ ಗಣಿ 2023ರ ನವೆಂಬರ್ ಕೊನೆಗೆ ಮುಚ್ಚಿತು. ಬಹಳ ಹೆರಿಟೇಜ್ ರೈಲ್ವೆಗಳು ಅಲ್ಲಿಂದಲೇ ತರುತ್ತಿದ್ದವು. ಈಗ ಹಡಗಿನಲ್ಲಿ ಬಂದ ಕಲ್ಲಿದ್ದಲು, ಇಲ್ಲವೇ ಪುಡಿಯನ್ನು ಒತ್ತಿ ಮಾಡಿದ ಉಂಡೆ. ಉಂಡೆ ಉರಿಯುವ ರೀತಿಯೇ ಬೇರೆ, ಫೈರ್‌ಮನ್‌ಗಳು ಬೆಂಕಿ ಹರಡುವುದನ್ನು ಹೊಸದಾಗಿ ಕಲಿಯುತ್ತಿದ್ದಾರೆ.

ಹಳಿಗುಂಟ

ಕೆಲವು ತಿಂಗಳ ನಂತರದ ವರದಿ. ಟ್ಯೂಬ್ ಕೂತಿವೆ, ಹೈಡ್ರಾಲಿಕ್ ಟೆಸ್ಟ್ ಆಯಿತು.

ಮಂಡ್ಯದ ಅಣ್ಣನಿಗೆ ಗೊತ್ತಿರುವುದೇ, ಉಳಿದವರಿಗಾಗಿ ಬರೆಯುತ್ತೇನೆ. ಬಾಯ್ಲರಿನ ತುಂಬ ನೀರು ತುಂಬಿ, ಗಾಳಿ ಒಂದು ಗುಳ್ಳೆಯೂ ಉಳಿಯದ ಹಾಗೆ ನೆತ್ತಿಯ ಪ್ಲಗ್ಗಿನಿಂದ ಹೊರಬಿಟ್ಟು, ಕೈಪಂಪಿನಲ್ಲಿ ಒತ್ತಡ ಏರಿಸುತ್ತೇವೆ. ನೀರು ಕುಗ್ಗುವುದಿಲ್ಲವಾದ್ದರಿಂದ ಎಲ್ಲಾದರೂ ಬಿಟ್ಟರೂ ಜಿನುಗಿ ಒತ್ತಡ ಇಳಿಯುತ್ತದೆ, ಸ್ಫೋಟ ಆಗುವುದಿಲ್ಲ. ನಮ್ಮ ಬಾಯ್ಲರಿನ ಕೆಲಸದ ಒತ್ತಡ ಚದರ ಇಂಚಿಗೆ 150 ಪೌಂಡು, ಟೆಸ್ಟು ಅದರ ಒಂದೂವರೆ ಪಟ್ಟು, 225. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಫೈರ್‌ಬಾಕ್ಸಿನ ಒಳಗೆ ಹೊಕ್ಕು ಒಂದೊಂದು ಟ್ಯೂಬಿನ ಬಾಯನ್ನೂ ನೋಡಿದರು. ಎರಡು ಟ್ಯೂಬ್ ಬೆವರುತ್ತಿದ್ದವು, ಒಂದು ವಾಶೌಟ್ ಪ್ಲಗ್ ಹನಿಯುತ್ತಿತ್ತು. ಒತ್ತಡ ಇಳಿಸಿ, ಆ ಟ್ಯೂಬ್‌ಗಳನ್ನು ಇನ್ನೊಂಚೂರು ಎಕ್ಸ್‌ಪಾಂಡ್ ಮಾಡಿ, ಪ್ಲಗ್ ತೆಗೆದು ಕೂರಿಸಿ, ಮತ್ತೆ ಏರಿಸಿದೆವು. ಮುಳ್ಳು ಕದಲಲಿಲ್ಲ. ಇನ್‌ಸ್ಪೆಕ್ಟರ್ ಗಡಿಯಾರ ನೋಡುತ್ತಾ ನಿಂತರು, ನಾವೆಲ್ಲ ಗೇಜ್ ನೋಡುತ್ತಾ ನಿಂತೆವು.

ಮೊದಲ ಬೆಂಕಿ ಬಹಳ ನಿಧಾನ. ಸಣ್ಣ ಸೌದೆ ಬೆಂಕಿಯಲ್ಲಿ ಇಡೀ ದಿನ ಬರೀ ಬೆಚ್ಚಗಾಗಲು ಬಿಟ್ಟೆವು. ತಾಮ್ರ ಒಂದು ಪ್ರಮಾಣದಲ್ಲಿ ಹಿಗ್ಗುತ್ತದೆ, ಉಕ್ಕು ಇನ್ನೊಂದರಲ್ಲಿ. ಅವಸರ ಮಾಡಿದರೆ ಜಗಳ ಸ್ಟೇಗಳ ಮೇಲೆ. ಮಾರನೇ ದಿನ ಕಲ್ಲಿದ್ದಲು. ಸೇಫ್ಟಿ ವಾಲ್ವ್ ಎರಡೂ ಸರಿಯಾದ ಒತ್ತಡಕ್ಕೆ ಬಿಟ್ಟುಕೊಂಡವು, ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರ್ ಎರಡೂ ನೀರು ಎತ್ತಿದವು. ಸಹಿ ಆಯಿತು. ಇನ್ನು ಬಾಯ್ಲರನ್ನು ಫ್ರೇಮಿಗೆ ಇಳಿಸಬೇಕು, ವಾಲ್ವ್ ಹೊಂದಿಸಬೇಕು, ಬಣ್ಣ. ಕೆಲಸ ಬಹಳ ಇದೆ.

ಹುಬ್ಬಳ್ಳಿ_ಫಿಟ್ಟರ್

ಶಬ್ಬಾಶ್! ಓದಿ ಮನಸ್ಸು ತುಂಬಿ ಬಂತು. ನಮ್ಮ ಬಾಯ್ಲರ್ ಮೇಕರ್‌ಗೂ ಓದಿ ತೋರಿಸಿದೆ. ಬೆವರಿದ ಎರಡು ಟ್ಯೂಬ್ ಮೂಲಿಯವು ಇರಬೇಕು ಕೇಳು ಅಂದ.

ಹಳಿಗುಂಟ

ಸರ್, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಎರಡೂ ಮೂಲೆಯವೇ, ಕೆಳಸಾಲಿನ ಎಡ ತುದಿ.

ನಂದಿಹಾಲ್ಟ್

ಹಾಗಾದರೆ ಮಾತಿನಲ್ಲೇ ಬಿಡುವುದು ಬೇಡ. ಹುಬ್ಬಳ್ಳಿಯ ಫಿಟ್ಟರ್, ಅವರ ಗೆಳೆಯ ಬಾಯ್ಲರ್ ಮೇಕರ್, ಇವರಿಬ್ಬರ ಮಾತನ್ನು ವಿಡಿಯೊ ಮಾಡೋಣ. ಕ್ಯಾಮೆರಾ ನನ್ನ ಹತ್ತಿರ ಇದೆ, ಹುಬ್ಬಳ್ಳಿಗೆ ಬರುವ ಖರ್ಚು ನನ್ನದೇ. ಪ್ರಶ್ನೆಗಳ ಪಟ್ಟಿ ಹಳಿಗುಂಟ ಅವರು ಮಾಡಿಕೊಡಲಿ.

ಡಿಪ್ಲೊಮಾ_ಮೆಕ್

ದಾವಣಗೆರೆಯಿಂದ ಹುಬ್ಬಳ್ಳಿ ದೂರ ಇಲ್ಲ, ನಾನೂ ಬರ್ತೀನಿ ಸರ್. ಹೇಳಿದ್ದನ್ನೆಲ್ಲ ಬರ್ಕೊಂಡು ಸ್ಕೆಚ್ ಹಾಕ್ತೀನಿ.

ಹಳಿಗುಂಟ

ಪಟ್ಟಿ ಈ ವಾರವೇ ಕಳಿಸುತ್ತೇನೆ. ದೊಡ್ಡ ಪ್ರಶ್ನೆ ಬೇಡ, ಸಣ್ಣವೇ ಇರಲಿ: ಎಕ್ಸ್‌ಪಾಂಡರ್‌ಗೆ ಯಾವ ಎಣ್ಣೆ, ಟ್ಯೂಬ್ ತುದಿಯನ್ನು ಎಷ್ಟು ಕೆಂಪಗೆ ಕಾಯಿಸುತ್ತಿದ್ದರು, ಸ್ಕ್ರೇಪರನ್ನು ಯಾವ ಹಳೇ ಅರದಿಂದ ಮಾಡಿಕೊಳ್ಳುತ್ತಿದ್ದರು, ಅದರ ಮೂಲೆಯ ಕೋನ ಎಷ್ಟು. ಬಾಯ್ಲರ್ ಮೇಕರ್ ಅವರಿಗೆ ಕಿವಿ ಮಂದ ಅಂದಿರಿ, ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲೇ ಅಚ್ಚು ಮಾಡಿ ಕೈಗೆ ಕೊಡೋಣ.

ಹುಬ್ಬಳ್ಳಿ_ಫಿಟ್ಟರ್

ಬರ್ರಿ ಎಲ್ಲಾರೂ, ಊಟಾ ನಮ್ಮನ್ಯಾಗ. ಆದ್ರ ಬರೇ ಬಾಯಿಲೆ ಹೇಳಿದ್ರ ಹುಡುಗ್ರಿಗೆ ಏನ್ ತಿಳೀತೈತಿ. ಒಂದು ವೈಟ್ ಮೆಟಲ್ ಬೇರಿಂಗು, ಒಂದು ತುಂಡ ಶಾಫ್ಟ್ ಸಿಕ್ರ ತರ್ರಿ. ಸ್ಕ್ರೇಪರ್ ನನ್ನ ಕಡೆ ಇನ್ನೂ ಐತಿ.

ಟರ್ನಿಂಗ್_ಶಾಪ್

ಸರ್, ಹಳೇ ಪ್ರೆಸ್ಸಿನಿಂದ ಬಿಚ್ಚಿದ ವೈಟ್ ಮೆಟಲ್ ಬೇರಿಂಗ್ ಒಂದು ಜೊತೆ ನಮ್ಮಲ್ಲಿ ಬಿದ್ದಿದೆ. ಅದರ ಅಳತೆಗೆ ಶಾಫ್ಟ್ ತಿರುಗಿಸಿ, ನೀಲಿ ಡಬ್ಬಿಯ ಜೊತೆ ಈ ಶನಿವಾರ ಪಾರ್ಸೆಲ್ ಹಾಕ್ತೀನಿ. ಕೆರೆದು ತೋರಿಸಿದ ಮೇಲೆ ಅದನ್ನ ಆ ಹುಡುಗನಿಗೇ ಕೊಟ್ಟುಬಿಡಿ.